ಮೋಡದ ಪಕ್ಕ ತಾರೀಖು ಬರೆದವರು

ಆಕಾಶದ ಫೋಟೋ ತೆಗೆಯುವುದು ಬಿಡುವಿದ್ದವರ ಶೋಕಿ, ಅದಕ್ಕೂ ವಿಜ್ಞಾನಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಕಳೆದ ನೂರನಲವತ್ತು ವರ್ಷಗಳ ಚರಿತ್ರೆ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಮಿಂಚಿನ ನಿಜವಾದ ಆಕಾರ, ಹಿಮದ ಹರಳಿನ ರಚನೆ, ಮೋಡಗಳ ಬಗೆಗಳು, ಇವೆಲ್ಲದರ ತಿಳಿವಳಿಕೆಯಲ್ಲೂ ಸಂಬಳವಿಲ್ಲದೆ ಕ್ಯಾಮೆರಾ ಹಿಡಿದವರ ದುಡಿಮೆ ಸೇರಿದೆ. ಹಾಗೆಂದು ಅವರು ತೆಗೆದ ಚಿತ್ರಗಳೆಲ್ಲ ಉಪಯೋಗಕ್ಕೆ ಬಂದವು ಎನ್ನಲಾಗದು. ಎಲ್ಲಿ, ಯಾವಾಗ, ಯಾವ ರೀತಿಯಲ್ಲಿ ತೆಗೆದದ್ದು ಎಂಬ ವಿವರ ಜೊತೆಗಿದ್ದ ಚಿತ್ರಗಳಿಗೆ ಮಾತ್ರ ಸಾಕ್ಷಿಯ ಬೆಲೆ ಬಂತು. ಚಂದ ಎಷ್ಟೇ ಇದ್ದರೂ ಆ ವಿವರದ ಕೊರತೆಯನ್ನು ಅದು ತುಂಬಿಕೊಡಲಾರದು.

ಫೋಟೋಗ್ರಫಿಯ ಮೊದಲ ದಶಕಗಳಲ್ಲಿ ಮೋಡವನ್ನು ಹಿಡಿಯುವುದೇ ಕಷ್ಟವಾಗಿತ್ತು. ಆಗಿನ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಬಹುಬೇಗ ತಾಗುತ್ತಿತ್ತು. ನೀಲಿ ಆಕಾಶ, ಬಿಳಿ ಮೋಡ ಎರಡೂ ಒಂದೇ ಬಿಳುಪಾಗಿ ಮೂಡುತ್ತಿದ್ದವು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದ್ದುಂಟು. ಕಲೆಯಾಗಿ ಅವು ದೊಡ್ಡ ಚಿತ್ರಗಳು. ಆದರೆ ಆ ಕಡಲಿನ ಮೇಲೆ ಆ ಹೊತ್ತಿನಲ್ಲಿ ಆ ಮೋಡ ಇತ್ತೇ ಎಂದು ಅವುಗಳನ್ನು ಕೇಳುವಂತಿಲ್ಲ. ಮುಂದೆ ಇಂಗ್ಲೆಂಡಿನ ಆರ್ಥರ್ ಕ್ಲೇಡನ್ ಲೆನ್ಸಿನ ಮುಂದೆ ಕಪ್ಪು ಗಾಜಿನ ಕನ್ನಡಿಯನ್ನು ಓರೆಯಾಗಿ ನಿಲ್ಲಿಸಿ, ಆಕಾಶದ ನೀಲಿಯನ್ನು ತಗ್ಗಿಸಿ, ತೆಳು ಮೋಡದ ಎಳೆಗಳನ್ನೂ ಪ್ಲೇಟಿಗೆ ಇಳಿಸಿದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಜೆನಿಂಗ್ಸ್ 1882ರಲ್ಲಿ ಮಿಂಚಿನ ಚಿತ್ರ ತೆಗೆದಾಗ, ಚಿತ್ರಕಾರರು ತಲೆಮಾರುಗಳಿಂದ ಬರೆಯುತ್ತ ಬಂದಿದ್ದ ಗರಗಸದಂಥ ಅಂಕುಡೊಂಕು ಗೆರೆ ಅದರಲ್ಲಿ ಇರಲಿಲ್ಲ. ಮಿಂಚು ಹೊಳೆಯಂತೆ ಬಳುಕಿ ಕವಲೊಡೆದಿತ್ತು.

ಈ ಪರಂಪರೆಯಲ್ಲಿ ನನ್ನ ವಾದಕ್ಕೆ ಅತಿ ಹತ್ತಿರದ ಸಾಕ್ಷಿ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಹಳ್ಳಿಯ ರೈತ ವಿಲ್ಸನ್ ಬೆಂಟ್ಲಿ. 1885ರ ಜನವರಿ 15ರಂದು, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಒಂದು ಹಿಮಹರಳಿನ ಚಿತ್ರ ತೆಗೆದವರು. ಕೆಲಸ ನಡೆಯುತ್ತಿದ್ದುದು ಬೆಂಕಿಯಿಲ್ಲದ ಕೊಟ್ಟಿಗೆಯಲ್ಲಿ. ಬೀಳುವ ಹಿಮವನ್ನು ಕಪ್ಪು ಹಲಗೆಯ ಮೇಲೆ ಹಿಡಿದು, ಬೇಕಾದ ಹರಳನ್ನು ಕಡ್ಡಿಯ ತುದಿಯಿಂದ ಎತ್ತಿ ಗಾಜಿಗೆ ದಾಟಿಸಿ, ಹಕ್ಕಿಯ ಗರಿಯಿಂದ ಮೆಲ್ಲಗೆ ಒತ್ತಿ ಕೂರಿಸಬೇಕು. ಉಸಿರು ತಾಗಿದರೂ ಹರಳು ಹೋಯಿತು. ಹೀಗೆ ಅವರು ಐದು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದರು. ಜೊತೆಗೆ ಹವೆಯ ಟಿಪ್ಪಣಿಗಳನ್ನೂ ಇಟ್ಟು, ಯಾವ ಬಗೆಯ ಬಿರುಗಾಳಿಯಲ್ಲಿ ಯಾವ ಆಕಾರದ ಹರಳು ಬೀಳುತ್ತದೆ ಎಂದು ಹುಡುಕಿದರು. ಮಳೆಹನಿಯ ಅಳತೆಗೆ ಕ್ಯಾಮೆರಾ ಬೇಡವೆನಿಸಿದಾಗ ತಟ್ಟೆಯಲ್ಲಿ ನುಣ್ಣನೆಯ ಹಿಟ್ಟು ಹರವಿ ಕೆಲವೇ ಸೆಕೆಂಡು ಮಳೆಗೆ ಒಡ್ಡಿದರು. ಹನಿ ಬಿದ್ದಲ್ಲಿ ಕಟ್ಟಿದ ಹಿಟ್ಟಿನ ಉಂಡೆಗಳನ್ನು ಒಣಗಿಸಿ ಅಳೆದು, 1904ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಳೆಹನಿಗಳ ಗಾತ್ರದ ಮೊದಲ ಗಂಭೀರ ಅಧ್ಯಯನಗಳಲ್ಲಿ ಅದೂ ಒಂದು.

ಬೆಂಟ್ಲಿಯ ಮೇಲೆ ಆಕ್ಷೇಪ ಬರದೆ ಇರಲಿಲ್ಲ, ಮತ್ತು ಅದು ಹಗುರವಾದ ಆಕ್ಷೇಪವೂ ಅಲ್ಲ. ಹರಳು ಎದ್ದು ಕಾಣಲೆಂದು ಅವರು ನೆಗೆಟಿವ್‌ನ ನಕಲಿನಲ್ಲಿ ಹರಳಿನ ಸುತ್ತಲಿನ ಲೇಪವನ್ನು ಚಾಕುವಿನಿಂದ ಕೆರೆದು ಹಿನ್ನೆಲೆಯನ್ನು ಕಪ್ಪಾಗಿಸುತ್ತಿದ್ದರು. ಜರ್ಮನಿಯ ಹವಾಮಾನ ವಿಜ್ಞಾನಿ ಗುಸ್ತಾವ್ ಹೆಲ್ಮನ್ ಇದನ್ನು ಕಟುವಾಗಿ ಟೀಕಿಸಿದರು. ತಮ್ಮ ಜೊತೆಗಾರ ನಾಯ್‌ಹೌಸ್ ತೆಗೆದ ಚಿತ್ರಗಳಲ್ಲಿ ಹರಳುಗಳು ಅಷ್ಟು ಸರಿಸಮವಾಗಿ ಇರಲಿಲ್ಲವೆಂದು ತೋರಿಸಿದರು. ಹೆಲ್ಮನ್ ಹೇಳಿದ್ದರಲ್ಲಿ ಹುರುಳಿದೆ. ಬೆಂಟ್ಲಿ ಸುಂದರವಾದ ಹರಳುಗಳನ್ನೇ ಆರಿಸುತ್ತಿದ್ದರು. ಆಕಾಶದಿಂದ ಬೀಳುವ ಬಹುಪಾಲು ಹರಳುಗಳು ಮುರಿದವು, ಅಂಕುಡೊಂಕಾದವು. ಆದರೆ ಇದರಿಂದ ಹವ್ಯಾಸಿಗಳ ಕೆಲಸವೇ ನಂಬಲರ್ಹವಲ್ಲ ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ತಾವು ಕೆರೆದದ್ದನ್ನು ಬೆಂಟ್ಲಿ ಮುಚ್ಚಿಡಲಿಲ್ಲ, ಮೂಲ ನೆಗೆಟಿವ್‌ಗಳನ್ನೂ ಉಳಿಸಿದರು. ಅವರ ಎರಡು ಸಾವಿರದ ನಾನೂರಕ್ಕೂ ಹೆಚ್ಚು ಚಿತ್ರಗಳ ಪುಸ್ತಕ 1931ರಲ್ಲಿ ಬಂತು. ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆ ಪುಸ್ತಕದಿಂದ ಪ್ರೇರಣೆ ಪಡೆದ ಜಪಾನಿನ ಉಕಿಚಿರೊ ನಕಾಯ ಕೊರತೆಯನ್ನು ತುಂಬಿದರು: ಕುರೂಪ ಹರಳುಗಳನ್ನೂ ಬಿಡದೆ ವರ್ಗೀಕರಿಸಿದರು, 1936ರಲ್ಲಿ ಪ್ರಯೋಗಾಲಯದಲ್ಲಿ ಮೊಲದ ಕೂದಲಿನ ಮೇಲೆ ಹಿಮಹರಳು ಬೆಳೆಸಿದರು, ಉಷ್ಣತೆ ಮತ್ತು ತೇವಾಂಶಕ್ಕೆ ತಕ್ಕಂತೆ ಆಕಾರ ಹೇಗೆ ಬದಲಾಗುತ್ತದೆಂದು ನಕ್ಷೆ ಬರೆದರು. ಹವ್ಯಾಸಿ ತೆರೆದ ದಾರಿಯನ್ನು ವಿಜ್ಞಾನಿ ನೇರ ಮಾಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಅದೆಲ್ಲ ಹಳೆಯ ಕಾಲದ ಮಾತು, ಈಗ ಉಪಗ್ರಹಗಳಿವೆಯಲ್ಲ ಎನ್ನಬಹುದು. ಆದರೆ ಉಪಗ್ರಹಗಳ ಕಾಲದಲ್ಲೂ ಹವ್ಯಾಸಿಯ ಚಿತ್ರಕ್ಕೆ ಕೆಲಸವಿದೆ. ಕೆನಡಾದ ಆಲ್ಬರ್ಟಾದಲ್ಲಿ ಧ್ರುವಪ್ರಭೆಯ ಚಿತ್ರ ತೆಗೆಯುವ ಹವ್ಯಾಸಿಗಳಿಗೆ ಆಗಾಗ ನೇರಳೆ ಬಣ್ಣದ ನೀಳ ಪಟ್ಟಿಯೊಂದು ಸಿಗುತ್ತಿತ್ತು. ಅದನ್ನು ಪ್ರೋಟಾನ್ ಕಮಾನು ಎಂದು ಅವರು ಭಾವಿಸಿದ್ದರು. ಪ್ರೋಟಾನ್ ಪ್ರಭೆ ಬರಿಗಣ್ಣಿಗೆ ಕಾಣುವುದಿಲ್ಲ ಎಂದು ವಿಜ್ಞಾನಿಗಳು ಹೇಳಿದಾಗ ಇದು ಬೇರೇನೋ ಎಂಬುದು ಖಚಿತವಾಯಿತು. ಚಿತ್ರಗಳ ಸಮಯ, ಸ್ಥಳಗಳನ್ನು ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸ್ವಾರ್ಮ್ ಉಪಗ್ರಹಗಳ ಮಾಹಿತಿಯೊಂದಿಗೆ ಹೊಂದಿಸಿ ನೋಡಿದರು. ನೆಲದಿಂದ 300 ಕಿಲೋಮೀಟರ್ ಎತ್ತರದಲ್ಲಿ, ಸುಮಾರು 25 ಕಿಲೋಮೀಟರ್ ಅಗಲದ ಅನಿಲಪಟ್ಟಿ ಪಶ್ಚಿಮಕ್ಕೆ ಹರಿಯುತ್ತಿತ್ತು. ಅದರೊಳಗೆ ಉಷ್ಣತೆ 3000 ಡಿಗ್ರಿಯಷ್ಟು ಏರಿತ್ತು. 2018ರಲ್ಲಿ ಪ್ರಕಟವಾದ ಪ್ರಬಂಧದ ಲೇಖಕರಲ್ಲಿ ಹವ್ಯಾಸಿಗಳ ಹೆಸರೂ ಸೇರಿತು. ಅಳತೆ ಕೊಟ್ಟದ್ದು ಉಪಗ್ರಹ, ಎಲ್ಲಿ ಹುಡುಕಬೇಕೆಂದು ತೋರಿಸಿದ್ದು ಚಿತ್ರ. ಅಲೆಯೆದ್ದ ಕಡಲನ್ನು ತಲೆಕೆಳಗು ಮಾಡಿದಂತೆ ಕಾಣುವ ಆಸ್ಪೆರಿಟಾಸ್ ಎಂಬ ಮೋಡದ ರೂಪ 2017ರಲ್ಲಿ ಅಂತರರಾಷ್ಟ್ರೀಯ ಮೋಡಗಳ ಅಟ್ಲಾಸಿಗೆ ಸೇರಿದ್ದರ ಹಿಂದೆಯೂ ಸಾಮಾನ್ಯ ಜನ ಕಳಿಸಿದ ಫೋಟೋಗಳಿದ್ದವು.

ನಮ್ಮಲ್ಲಿ ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆದು, ಯಾವ ಮಳೆ ಹೇಗೆ ಬಂತೆಂದು ನೆನಪಿಡುವ ರೈತರಿದ್ದಾರೆ. ಈಗ ಮುಂಗಾರಿನ ಮೋಡ ಬಂತೆಂದರೆ ಪ್ರತಿ ಊರಿನಲ್ಲೂ ಫೋನು ಮೇಲೇಳುತ್ತದೆ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದೊಡನೆ ಚಿತ್ರದೊಳಗಿನ ಸಮಯ, ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಆದ್ದರಿಂದ ಓದುಗರಲ್ಲಿ ಕೇಳಿಕೊಳ್ಳುವುದಿಷ್ಟೆ: ಮರೆಯದೆ ಮೂಲ ಫೈಲನ್ನು ತಿದ್ದದೆ ಉಳಿಸಿ, ಊರು, ದಿನಾಂಕ, ಗಂಟೆ, ಕ್ಯಾಮೆರಾ ಯಾವ ದಿಕ್ಕಿಗಿತ್ತು ಎಂಬ ನಾಲ್ಕು ವಿಷಯಗಳನ್ನು ಅದರ ಜೊತೆ ಬರೆದಿಡಿ.