ಕಂಪನಿಯ ಹಣ, ವಿಶ್ವವಿದ್ಯಾಲಯದ ಮಾತು

ತೆರಿಗೆ ಸಲಹೆಗಾರರ ಈ ಸ್ಮರಣ ಸಂಚಿಕೆಗೆ, ವಿಶ್ವವಿದ್ಯಾಲಯವೂ ಉದ್ಯಮವೂ ಕೂಡಿ ತೆರಿಗೆ ಶಿಕ್ಷಣವನ್ನು ಬೆಳೆಸಿದ ಒಂದು ಸಂಸ್ಥೆಯ ಚರಿತ್ರೆಯನ್ನು ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದರು. ನಾನು ಆರಿಸಿಕೊಂಡದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಉದ್ಯಮ ತೆರಿಗೆ ಅಧ್ಯಯನ ಕೇಂದ್ರವನ್ನು. 2005ರಲ್ಲಿ ಹುಟ್ಟಿದ ಅದು ಎರಡು ದಶಕಗಳನ್ನು ದಾಟಿದೆ. ಅಷ್ಟು ದೂರದ ಸಂಸ್ಥೆಯನ್ನು ಇಲ್ಲಿ ನೆನೆಯಲು ಕಾರಣವಿದೆ. ಕಂಪನಿಗಳು ಕೊಟ್ಟ ಹಣದಲ್ಲಿ ಕಂಪನಿ ತೆರಿಗೆಯ ಬಗ್ಗೆ ಪ್ರಾಮಾಣಿಕ ಸಂಶೋಧನೆ ನಡೆದೀತೇ ಎಂಬ ಸಂಶಯ ನಮ್ಮ ಕಾಲೇಜುಗಳಲ್ಲೂ ಇದೆ, ಕಚೇರಿಗಳಲ್ಲೂ ಇದೆ. ನಡೆಯುತ್ತದೆ ಎಂಬುದು ನನ್ನ ವಾದ. ಆದರೆ ಅದಕ್ಕೆ ದಾನಿಗಳ ಒಳ್ಳೆಯತನವೊಂದೇ ಸಾಲದು. ವಿಷಯದ ಆಯ್ಕೆ, ಪ್ರಕಟಣೆ, ಅಂಕಿಅಂಶ ಈ ಮೂರೂ ದಾನಿಗಳ ಕೈಗೆಟುಕದ ಕಡೆ ಇರಬೇಕು.

ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ತೆರಿಗೆಗೆ ಪೀಠ ಸುಲಭವಾಗಿ ಸಿಗಲಿಲ್ಲ. ಕಾನೂನು ವಿಭಾಗದವರಿಗೆ ಅದು ಗುಮಾಸ್ತರ ಲೆಕ್ಕದಂತೆ ಕಂಡರೆ, ಅರ್ಥಶಾಸ್ತ್ರ ವಿಭಾಗದವರಿಗೆ ವಕೀಲರ ತಕರಾರಿನಂತೆ ಕಾಣುತ್ತಿತ್ತು. ಈ ನಡುವಿನ ಜಾಗದಲ್ಲಿ ಮೊದಲು ನೆಲೆ ಮಾಡಿದವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಜಿ. ಎಸ್. ಎ. ವೀಟ್‌ಕ್ರಾಫ್ಟ್. 1956ರಲ್ಲಿ ಅವರ ಸಂಪಾದಕತ್ವದಲ್ಲಿ ಆರಂಭವಾದ 'ಬ್ರಿಟಿಷ್ ಟ್ಯಾಕ್ಸ್ ರಿವ್ಯೂ' ಪತ್ರಿಕೆ, ತೆರಿಗೆ ಕಾನೂನನ್ನು ವಿದ್ವತ್ತಿನ ವಿಷಯವಾಗಿ ಮಾಡಿದ ಮೊದಲ ವೇದಿಕೆಗಳಲ್ಲೊಂದು. ಕೇಂಬ್ರಿಜ್‌ನಲ್ಲಿ ಜಾನ್ ಟೈಲಿ ಅದೇ ಕೆಲಸವನ್ನು ದಶಕಗಳ ಕಾಲ ತಾಳ್ಮೆಯಿಂದ ಮಾಡಿದರು. ಹಣಕಾಸು ವಲಯದವರೂ ಸುಮ್ಮನೆ ಕುಳಿತಿರಲಿಲ್ಲ. 1965ರ ಹಣಕಾಸು ಕಾಯ್ದೆ ಬಂಡವಾಳ ಲಾಭ ತೆರಿಗೆಯನ್ನೂ ಕಾರ್ಪೊರೇಷನ್ ತೆರಿಗೆಯನ್ನೂ ಒಟ್ಟಿಗೆ ತಂದಾಗ, ಸಾಕಷ್ಟು ಅಧ್ಯಯನವಿಲ್ಲದೆ ಇಷ್ಟು ದೊಡ್ಡ ಬದಲಾವಣೆಯೇ ಎಂದು ಬೇಸತ್ತ ವಿಲ್ ಹಾಪರ್, ಬಾಬ್ ಬುಯಿಸ್ಟ್, ನಿಲ್ಸ್ ಟೌಬೆ, ಜಾನ್ ಚೌನ್ ಎಂಬ ನಾಲ್ವರು 1969ರಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಕಟ್ಟಿದರು. ಅದು ವಿಶ್ವವಿದ್ಯಾಲಯವಲ್ಲ. ಆದರೂ ಜೇಮ್ಸ್ ಮೀಡ್ ಅವರಂಥ ವಿದ್ವಾಂಸರು 1978ರ ಪ್ರಸಿದ್ಧ ವರದಿಯನ್ನು ಸಿದ್ಧಪಡಿಸಿದ್ದು ಅದರ ಆಸರೆಯಲ್ಲೇ. ಹಣದ ಲೋಕದಿಂದ ಬಂದವರು ಕಟ್ಟಿದ ಮನೆಯಲ್ಲಿ ವಿದ್ವಾಂಸರು ನಿಶ್ಚಿಂತೆಯಿಂದ ಕೆಲಸ ಮಾಡಬಲ್ಲರು ಎಂಬುದಕ್ಕೆ ಅದು ಮೊದಲ ದೊಡ್ಡ ಪುರಾವೆ.

ಆಕ್ಸ್‌ಫರ್ಡ್‌ಗೆ ಉದ್ಯಮದ ಹಣದ ಬಗ್ಗೆ ಹಳೆಯ ಅಳುಕಿತ್ತು. 1996ರಲ್ಲಿ ವಾಫಿಕ್ ಸಯೀದ್ ಅವರು 2 ಕೋಟಿ ಪೌಂಡ್ ಕೊಟ್ಟು ವ್ಯವಹಾರ ಶಾಲೆ ಕಟ್ಟಲು ಮುಂದೆ ಬಂದಾಗ, ಅಧ್ಯಾಪಕರ ಮಹಾಸಭೆ ಅದಕ್ಕೆ ಗೊತ್ತುಮಾಡಿದ್ದ ನಿವೇಶನವನ್ನು ಮತ ಹಾಕಿ ತಿರಸ್ಕರಿಸಿತು. ಕೊನೆಗೆ ಶಾಲೆ ಎದ್ದದ್ದು ರೈಲು ನಿಲ್ದಾಣದ ಪಕ್ಕದಲ್ಲಿ. ಆ ಜಗಳವನ್ನು ಇಲ್ಲಿ ಕೆದಕಬೇಕಿಲ್ಲ. ದಾನವನ್ನು ಪ್ರಶ್ನಿಸುವ ಅಭ್ಯಾಸ ಆ ವಿಶ್ವವಿದ್ಯಾಲಯಕ್ಕೆ ಇತ್ತು ಎಂಬುದಷ್ಟೇ ನಮಗೆ ಮುಖ್ಯ. 2001ರಲ್ಲಿ ಲೆಕ್ಕಪರಿಶೋಧನಾ ಸಂಸ್ಥೆ ಕೆಪಿಎಂಜಿಯ ಹೆಸರಿನ ತೆರಿಗೆ ಕಾನೂನು ಪೀಠಕ್ಕೆ ಜುಡಿತ್ ಫ್ರೀಡ್‌ಮನ್ ಬಂದರು. 2005ರಲ್ಲಿ, ಲಂಡನ್ ಷೇರುಪೇಟೆಯ ಅಗ್ರ ಕಂಪನಿಗಳ ಹಣಕಾಸು ನಿರ್ದೇಶಕರ ಕೂಟವಾದ 'ಹಂಡ್ರೆಡ್ ಗ್ರೂಪ್'ನ ಸದಸ್ಯರ ನೆರವಿನಿಂದ ಕೇಂದ್ರ ಆರಂಭವಾಯಿತು. ಅದರ ನೇತೃತ್ವ ವಹಿಸಿದವರು ವಾರಿಕ್ ವಿಶ್ವವಿದ್ಯಾಲಯದಿಂದ ಬಂದ ಅರ್ಥಶಾಸ್ತ್ರಜ್ಞ ಮೈಕೆಲ್ ಡೆವರೂ. ಕಾನೂನು, ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ ಮೂರನ್ನೂ ಒಂದೇ ಮೇಜಿಗೆ ತಂದದ್ದು ಡೆವರೂ ಮತ್ತು ಫ್ರೀಡ್‌ಮನ್ ಜೋಡಿಯ ನಿಜವಾದ ಸಾಹಸ. ಹಣ ಒಬ್ಬ ದಾನಿಯದಾಗಿರದೆ ಹಲವು ಕಂಪನಿಗಳಿಂದ ಬಂದದ್ದೂ ಸಣ್ಣ ಸಂಗತಿಯಲ್ಲ. ಪರಸ್ಪರ ಪೈಪೋಟಿಯಲ್ಲಿರುವ ಹತ್ತಾರು ಕಂಪನಿಗಳು ಒಂದೇ ಉತ್ತರವನ್ನು ಬಯಸುವುದು ಅಪರೂಪ.

ಇನ್ನು ಪುರಾವೆಗಳಿಗೆ ಬರುತ್ತೇನೆ. ಕೆಪಿಎಂಜಿ ಹೆಸರಿನ ಪೀಠದಲ್ಲಿದ್ದುಕೊಂಡೇ ಫ್ರೀಡ್‌ಮನ್ 2004ರಲ್ಲಿ, ತೆರಿಗೆ ತಪ್ಪಿಸಿಕೊಳ್ಳುವ ತಂತ್ರಗಳಿಗೆ ಕಡಿವಾಣ ಹಾಕುವ ಒಂದು ಸಾಮಾನ್ಯ ತತ್ವ ಕಾನೂನಿನಲ್ಲಿ ಬೇಕೆಂದು ವಾದಿಸಿ ಬರೆದರು. ಅದನ್ನು ಪ್ರಕಟಿಸಿದ್ದು ವೀಟ್‌ಕ್ರಾಫ್ಟ್ ಅವರ ಅದೇ ಪತ್ರಿಕೆ. ತೆರಿಗೆ ಯೋಜನೆಯನ್ನೇ ವೃತ್ತಿಯಾಗಿಸಿಕೊಂಡ ಸಂಸ್ಥೆಗಳಿಗೆ ರುಚಿಸುವ ಮಾತಲ್ಲ ಅದು. 2011ರಲ್ಲಿ ಗ್ರಹಾಂ ಆರನ್ಸನ್ ಅಧ್ಯಯನ ಗುಂಪು ಇಂಥ ನಿಯಮವನ್ನು ಶಿಫಾರಸು ಮಾಡಿದಾಗ ಫ್ರೀಡ್‌ಮನ್ ಆ ಗುಂಪಿನ ಸದಸ್ಯರಾಗಿದ್ದರು. 2013ರ ಹಣಕಾಸು ಕಾಯ್ದೆಯಲ್ಲಿ ಅದು ಕಾನೂನೇ ಆಯಿತು. ನಮ್ಮಲ್ಲಿ ಅದೇ ಬಗೆಯ ಗಾರ್ ನಿಯಮ ಜಾರಿಗೆ ಬಂದದ್ದು 2017ರ ಏಪ್ರಿಲ್ 1ರಿಂದ. ಇನ್ನೊಂದು ಪುರಾವೆ ಇದಕ್ಕಿಂತ ಗಟ್ಟಿಯಾದದ್ದು. ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮಾಡಿದ ಕಟಾರ್ಜೈನಾ ಬಿಲಿಕಾ, ಬ್ರಿಟನ್ನಿನ ಕಂಪನಿಗಳು ಸಲ್ಲಿಸಿದ ತೆರಿಗೆ ರಿಟರ್ನ್‌ಗಳನ್ನೇ ಅಧ್ಯಯನ ಮಾಡಿ 2019ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ'ನಲ್ಲಿ ಪ್ರಕಟಿಸಿದರು. ವಿದೇಶಿ ಬಹುರಾಷ್ಟ್ರೀಯ ಕಂಪನಿಗಳ ಅಂಗಸಂಸ್ಥೆಗಳು ತಮ್ಮ ಆಸ್ತಿಗೆ ಹೋಲಿಸಿದರೆ ತೋರಿಸುವ ತೆರಿಗೆಯೋಗ್ಯ ಲಾಭ, ಅದೇ ಬಗೆಯ ದೇಶೀಯ ಕಂಪನಿಗಳು ತೋರಿಸುವುದರ ಸುಮಾರು ಅರ್ಧದಷ್ಟು ಮಾತ್ರ ಎಂಬುದು ಅವರ ಶೋಧ. ಅವುಗಳಲ್ಲಿ ಬಹಳಷ್ಟು ಕಂಪನಿಗಳು ಸೊನ್ನೆ ಲಾಭ ತೋರಿಸುವುದೇ ಈ ಅಂತರಕ್ಕೆ ಮುಖ್ಯ ಕಾರಣ. ದೊಡ್ಡ ಕಂಪನಿಗಳ ನೆರವಿನಿಂದ ಬೆಳೆದ ವಿದ್ವತ್ ವಲಯದಿಂದ ಇಂಥ ಮಾತು ಹೊರಬಂತು ಎಂದರೆ, ಬೇಲಿ ಗಟ್ಟಿಯಾಗಿಯೇ ಇತ್ತು ಎನ್ನಬೇಕು.

ನಡುವಿನ ವರ್ಷಗಳು ಸದ್ದಿಲ್ಲದೆ ಸಾಗಿದವು. ಬೇಸಿಗೆ ಸಮ್ಮೇಳನಗಳು, ಕಾರ್ಯಪತ್ರಿಕೆಗಳು, ಸಂಸದೀಯ ಸಮಿತಿಗಳ ಮುಂದೆ ಹೇಳಿಕೆಗಳು. ಫ್ರೀಡ್‌ಮನ್ ಅವರ ಪೀಠಕ್ಕೆ ಮುಂದೆ ಪಿನ್ಸೆಂಟ್ ಮೇಸನ್ಸ್ ಎಂಬ ವಕೀಲ ಸಂಸ್ಥೆಯ ಹೆಸರು ಬಂತು. ತೆರಿಗೆ ನ್ಯಾಯಕ್ಕಾಗಿ ಹೋರಾಡುವ ಸಂಘಟನೆಗಳೊಡನೆ ಆಗಾಗ ಬಿಸಿ ಮಾತು ನಡೆಯಿತು. ಅವನ್ನೆಲ್ಲ ಬಿಡಿಸಿ ಹೇಳಲು ಇದು ಜಾಗವಲ್ಲ. ಪಾಠ ಹೇಳುವವರ ಸಾಲಿನವನಾದ ನನಗೆ, ಇವೆಲ್ಲಕ್ಕಿಂತ 2016ರಲ್ಲಿ ಆರಂಭವಾದ ಎಂಎಸ್ಸಿ ತೆರಿಗೆ ಪದವಿಯೇ ಹಿರಿದಾಗಿ ಕಾಣುತ್ತದೆ. ಕಾನೂನು ವಿಭಾಗವೂ ಕೇಂದ್ರವೂ ಸೇರಿ ನಡೆಸುವ ಎರಡು ವರ್ಷದ ಅರೆಕಾಲಿಕ ಕೋರ್ಸ್ ಅದು. ವೃತ್ತಿಯಲ್ಲಿರುವವರು ಕೆಲಸ ಬಿಡದೆ ಓದಬಹುದು. ಈ ನಿಯಮ ಹೇಗೆ ಅನ್ವಯಿಸುತ್ತದೆ ಎಂದು ದಿನವಿಡೀ ಹುಡುಕುವವರು, ಈ ನಿಯಮ ಏಕಿದೆ, ಯಾರ ಮೇಲೆ ಅದರ ಭಾರ ಬೀಳುತ್ತದೆ ಎಂದು ಅಲ್ಲಿ ಕೇಳಲು ಕಲಿಯುತ್ತಾರೆ. ಒಂದು ಸಂಶೋಧನಾ ಪ್ರಬಂಧವನ್ನು ಓದುವವರು ಕೆಲವು ನೂರು ಜನ. ಹಾಗೆ ಕಲಿತ ಒಬ್ಬ ಸಲಹೆಗಾರನ ವಿವೇಕ ಅವನ ಕಕ್ಷಿದಾರರೆಲ್ಲರನ್ನೂ ಮುಟ್ಟುತ್ತದೆ.

ಆಕ್ಷೇಪಗಳಲ್ಲಿ ಒಂದು ನಿಜಕ್ಕೂ ತೂಕದ್ದು. ದಾನಿಗಳು ಉತ್ತರವನ್ನು ತಿದ್ದದೇ ಇರಬಹುದು, ಆದರೆ ಪ್ರಶ್ನೆಗಳೇ ಅವರ ಕಡೆಗೆ ವಾಲುತ್ತವಲ್ಲ ಎಂಬುದು ಅದು. ಉದ್ಯಮ ತೆರಿಗೆಗೆ ಕೇಂದ್ರ ಹುಟ್ಟುತ್ತದೆ, ಕೂಲಿಕಾರರು ಸರಕಿನ ಬೆಲೆಯಲ್ಲಿ ತೆರುವ ಪರೋಕ್ಷ ತೆರಿಗೆಗೆ ಹಾಗೆ ಕೇಂದ್ರ ಹುಟ್ಟುವುದಿಲ್ಲ. ಇದನ್ನು ಒಪ್ಪಲೇಬೇಕು. ಇದಕ್ಕೆ ಮದ್ದು ಉದ್ಯಮದ ಹಣದ ಜೊತೆಗೆ ಸಾರ್ವಜನಿಕ ಅನುದಾನವನ್ನೂ ಸರ್ಕಾರದ ದತ್ತಾಂಶವನ್ನೂ ಬೆರೆಸುವುದು. ಆಕ್ಸ್‌ಫರ್ಡ್‌ನಲ್ಲಿ ಆದದ್ದು ಅದೇ. ಬ್ರಿಟನ್ನಿನ ಕಂದಾಯ ಇಲಾಖೆ ಹೆಸರು ಮರೆಸಿದ ರಿಟರ್ನ್‌ಗಳನ್ನು ಸಂಶೋಧಕರಿಗೆ ತೆರೆದಿಟ್ಟದ್ದರಿಂದಲೇ ಬಿಲಿಕಾ ಅವರ ಶೋಧ ಸಾಧ್ಯವಾಯಿತು. ಕಂಪನಿ ಲಾಭಗಳು 10,000 ಮತ್ತು 3,00,000 ಪೌಂಡುಗಳ ತೆರಿಗೆ ಮಿತಿಗಳ ಬಳಿ ಗುಂಪುಗೂಡುವುದನ್ನು ತೋರಿಸಿದ ಡೆವರೂ ಮತ್ತು ಸಂಗಡಿಗರ 2014ರ ಅಧ್ಯಯನಕ್ಕೂ ಅದೇ ಆಧಾರ.

ಹಾಗಾದರೆ ಸರ್ಕಾರದ ಹಣವೊಂದೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ದೇಶದ ಅನುಭವ ಇದಕ್ಕೆ ಎಚ್ಚರಿಕೆಯ ಉತ್ತರ ಕೊಡುತ್ತದೆ. 1976ರಲ್ಲಿ ರಾಜಾ ಚೆಲ್ಲಯ್ಯ ಅವರ ನೇತೃತ್ವದಲ್ಲಿ ದೆಹಲಿಯಲ್ಲಿ ಆರಂಭವಾದ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯ ಸೇವೆ ಅಪಾರ. ಮುಂದೆ ಕನ್ನಡಿಗರಾದ ಎಂ. ಗೋವಿಂದರಾವ್ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯಿಂದ ಹೋಗಿ ಅದನ್ನು ಹತ್ತು ವರ್ಷ ನಡೆಸಿದರು. 1983-84ರ ಕಪ್ಪು ಆದಾಯ ದೇಶದ ಒಟ್ಟು ಉತ್ಪನ್ನದ 18ರಿಂದ 21 ಪ್ರತಿಶತ ಎಂದು ಅಂದಾಜಿಸಿದ ಅದರ 1985ರ ವರದಿಯನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಆದರೆ 2011ರಲ್ಲಿ ಸರ್ಕಾರ ಈ ಸಂಸ್ಥೆಗೂ ಇನ್ನೆರಡಕ್ಕೂ ಅದೇ ವಿಷಯವನ್ನು ಮತ್ತೆ ಒಪ್ಪಿಸಿದಾಗ, 2013-14ರಲ್ಲಿ ಕೈಸೇರಿದ ವರದಿಗಳ ಅಂದಾಜುಗಳು ಸಂಸತ್ತಿನ ಸ್ಥಾಯೀ ಸಮಿತಿಯ ಮೂಲಕ ಜನರ ಮುಂದೆ ಬಂದದ್ದು 2019ರಲ್ಲಿ. ಪ್ರಕಟಣೆಯ ಹಕ್ಕು ವಿದ್ವಾಂಸರ ಬಳಿ ಇಲ್ಲದಿದ್ದರೆ ಹಣ ಸರ್ಕಾರದ್ದಾದರೂ ಕಂಪನಿಯದಾದರೂ ಆಗುವುದು ಒಂದೇ.

ಬೆಂಗಳೂರಿನ ಕಚೇರಿಗಳಲ್ಲಿ ಇಂದು ಜಗತ್ತಿನ ದೊಡ್ಡ ಕಂಪನಿಗಳ ತೆರಿಗೆ ಲೆಕ್ಕಗಳು ಸಿದ್ಧವಾಗುತ್ತವೆ. ಅದೇ ಊರಿನ ಬಿಕಾಂ ತರಗತಿಗಳಲ್ಲಿ ಆದಾಯ ತೆರಿಗೆ ಎಂದರೆ ಸಂಬಳದಿಂದ ಇತರ ಮೂಲಗಳವರೆಗಿನ ಐದು ಶೀರ್ಷಿಕೆಗಳಲ್ಲಿ ಲೆಕ್ಕ ಬಿಡಿಸುವುದು ಎಂಬಲ್ಲಿಗೆ ಪಾಠ ಮುಗಿಯುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದು ಪಠ್ಯಪುಸ್ತಕಗಳೆಲ್ಲ ಹೊಸದಾಗಬೇಕಿರುವ ಹೊತ್ತಿದು. ನಮ್ಮ ವಿಶ್ವವಿದ್ಯಾಲಯವೊಂದು ಹತ್ತಾರು ಕಂಪನಿಗಳ ನೆರವು ಪಡೆದು ತೆರಿಗೆ ಕೇಂದ್ರ ತೆರೆಯುವುದಾದರೆ, ಪೀಠದ ಹೆಸರು ಯಾರದೆಂದು ಚರ್ಚಿಸುವ ಮೊದಲು ಒಪ್ಪಂದದಲ್ಲಿ ಎರಡು ಸಂಗತಿ ಬರೆಸಿಕೊಳ್ಳಬೇಕು. ಪ್ರಕಟಣೆಗೆ ದಾನಿಗಳ ಅನುಮತಿ ಬೇಕಿಲ್ಲ ಎಂಬುದು ಒಂದು. ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯಲ್ಲಿರುವ ಜಿಎಸ್‌ಟಿ ದತ್ತಾಂಶವನ್ನು ಹೆಸರು ಮರೆಸಿ ಸಂಶೋಧಕರಿಗೆ ಕೊಡಲು ಸರ್ಕಾರವೂ ಮೂರನೆಯ ಪಕ್ಷವಾಗಿ ಸಹಿ ಹಾಕಬೇಕು ಎಂಬುದು ಇನ್ನೊಂದು.