ತೆರೆಯ ಮೇಲಿನ ಜೋಡಿ, ತೆರೆಯ ಹಿಂದಿನ ಮೂವರು

ಚಲನಚಿತ್ರ ಜಗತ್ತಿನಲ್ಲಿ ‘ಜೋಡಿ’ ಎಂಬ ಮಾತಿಗೆ ವಿಶೇಷ ಅರ್ಥವಿದೆ. ಹಾಲಿವುಡ್‌ನಲ್ಲಿ ಫ್ರೆಡ್ ಅಸ್ಟೇರ್ ಹಾಗೂ ಜಿಂಜರ್ ರೋಜರ್ಸ್ ಹೆಸರು ಹೇಳಿದೊಡನೆ ನೃತ್ಯ ನೆನಪಾಗುತ್ತದೆ. ಕನ್ನಡದಲ್ಲಿ ರಾಜ್‌ಕುಮಾರ್-ಲೀಲಾವತಿ, ಶ್ರೀನಾಥ್-ಮಂಜುಳಾ, ಅನಂತನಾಗ್-ಲಕ್ಷ್ಮಿ ಎಂದರೆ ಹಾಡು ನೆನಪಾಗುತ್ತದೆ. ಎರಡೂ ಕಡೆ ಪ್ರೇಕ್ಷಕನ ಕಣ್ಣಿಗೆ ಬೀಳುವವರು ಇಬ್ಬರೇ ಆದರೂ, ಆ ಇಬ್ಬರನ್ನು ಜೋಡಿಯಾಗಿಸಿದವರು ಬೇರೆಯೇ ಇದ್ದಾರೆ. ಕನ್ನಡದಲ್ಲಿ ಅವರು ಸಾಮಾನ್ಯವಾಗಿ ಮೂವರು: ಇಬ್ಬರು ಹಿನ್ನೆಲೆ ಗಾಯಕರು ಮತ್ತು ಒಬ್ಬ ನೃತ್ಯ ನಿರ್ದೇಶಕ. ಗಾಯಕರ ಹೆಸರು ಮನೆಮಾತಾಯಿತು. ನೃತ್ಯ ನಿರ್ದೇಶಕರ ಹೆಸರು ಮಾತ್ರ ಬಹುಮಟ್ಟಿಗೆ ಮರೆತುಹೋಯಿತು.

ಒಂದೇ ಕಾಲದ ಎರಡು ಆರಂಭ

ಅಸ್ಟೇರ್ ಮತ್ತು ರೋಜರ್ಸ್ ಮೊದಲ ಬಾರಿಗೆ ಜೊತೆಯಾಗಿ ಕಾಣಿಸಿಕೊಂಡದ್ದು 1933ರ ‘ಫ್ಲೈಯಿಂಗ್ ಡೌನ್ ಟು ರಿಯೊ’ ಚಿತ್ರದಲ್ಲಿ. ಅದರಲ್ಲಿ ಅವರು ಮುಖ್ಯ ಪಾತ್ರಧಾರಿಗಳಾಗಿರಲಿಲ್ಲ. ಆದರೂ ಜನ ನೆನಪಿಟ್ಟುಕೊಂಡದ್ದು ಅವರ ಕುಣಿತವನ್ನೇ. ಮರುವರ್ಷ ‘ದಿ ಗೇ ಡೈವೋರ್ಸಿ’ (1934), ಆನಂತರ ‘ಟಾಪ್ ಹ್ಯಾಟ್’ (1935), ‘ಸ್ವಿಂಗ್ ಟೈಮ್’ (1936) ಬಂದವು. 1949ರ ‘ದಿ ಬಾರ್ಕ್ಲೀಸ್ ಆಫ್ ಬ್ರಾಡ್‌ವೇ’ ಸೇರಿ ಈ ಜೋಡಿಯ ಚಿತ್ರಗಳು ಒಟ್ಟು 10.

ಇತ್ತ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರ ಮಾರ್ಚ್ 3ರಂದು. ವೈ.ವಿ. ರಾವ್ ನಿರ್ದೇಶನದ ಈ ಚಿತ್ರದ ಚಿತ್ರೀಕರಣ ಕೊಲ್ಹಾಪುರದಲ್ಲಿ ನಡೆಯಿತು. ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ತ್ರಿಪುರಾಂಬ ಸುಲೋಚನೆಯಾಗಿ ಅಭಿನಯಿಸಿದರು. ಆಗಿನ್ನೂ ಹಿನ್ನೆಲೆ ಗಾಯನದ ಪದ್ಧತಿ ಇರಲಿಲ್ಲ. ನಟಿಸುವವರೇ ಹಾಡಬೇಕಾಗಿದ್ದುದರಿಂದ ವೃತ್ತಿ ರಂಗಭೂಮಿಯಲ್ಲಿ ಪಳಗಿದ ಕಲಾವಿದರೇ ಚಿತ್ರರಂಗಕ್ಕೆ ಅನಿವಾರ್ಯವಾದರು. ಗುಬ್ಬಿ ವೀರಣ್ಣ ಮತ್ತು ಬಿ. ಜಯಮ್ಮ ರಂಗದಿಂದ ತೆರೆಗೆ ಬಂದದ್ದು ಇದೇ ಹಾದಿಯಲ್ಲಿ.

ಬೀಳಗಿಯ ಸೋದರಿಯರು

ಉತ್ತರ ಕರ್ನಾಟಕದಲ್ಲಿ ನಟನೆ ಮತ್ತು ಗಾಯನ ಎರಡೂ ಒಬ್ಬರಲ್ಲೇ ಇರಬೇಕೆಂಬ ನಿಯಮ ಇನ್ನೂ ಬಿಗಿಯಾಗಿತ್ತು. ಹುಬ್ಬಳ್ಳಿ-ಧಾರವಾಡದ ಪ್ರೇಕ್ಷಕರು ಕನ್ನಡದ ಕಂಪನಿ ನಾಟಕಗಳಷ್ಟೇ ಆಸಕ್ತಿಯಿಂದ ಮರಾಠಿ ಸಂಗೀತ ನಾಟಕಗಳನ್ನೂ ನೋಡುತ್ತಿದ್ದ ಕಾಲವದು. ಮರಾಠಿ ರಂಗಭೂಮಿಯ ದೊರೆ ಬಾಲಗಂಧರ್ವರ ಮಂಡಳಿಯನ್ನು 1938ರ ಸುಮಾರಿಗೆ ಸೇರಿದ ಗೋಹರ್‌ಬಾಯಿ ಕರ್ನಾಟಕಿ ಬೀಳಗಿಯವರು. ಅಲ್ಲಿಯವರೆಗೆ ಸ್ತ್ರೀ ಪಾತ್ರಗಳಿಗೆ ಹೆಸರಾಗಿದ್ದ ಬಾಲಗಂಧರ್ವರ ರಂಗದಲ್ಲಿ ಆ ಪಾತ್ರಗಳನ್ನು ಈಕೆ ವಹಿಸಿಕೊಂಡರು. 1951ರಲ್ಲಿ ಇಬ್ಬರೂ ವಿವಾಹವಾದರು.

ಗೋಹರ್‌ಬಾಯಿಯವರ ಸೋದರಿ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿ ಚಿತ್ರರಂಗ ಸೇರಿದರು. 1943ರ ಹಿಂದಿ ಚಿತ್ರ ‘ಕಿಸ್ಮತ್’ನಲ್ಲಿ ತೆರೆಯ ಮೇಲಿದ್ದ ನಾಯಕಿ ಮುಮ್ತಾಜ್ ಶಾಂತಿ, ದೇಶವೆಲ್ಲ ಕೇಳಿದ ಕಂಠ ಅಮೀರ್‌ಬಾಯಿಯವರದು. ಒಬ್ಬಾಕೆ ರಂಗದ ಮೇಲೆ ನಿಂತು ತನ್ನ ಹಾಡನ್ನು ತಾನೇ ಹಾಡಿದಳು, ಇನ್ನೊಬ್ಬಾಕೆ ಬೇರೊಂದು ಮುಖಕ್ಕೆ ಧ್ವನಿಯಾದಳು. ಭಾರತೀಯ ಚಿತ್ರರಂಗದ ದೊಡ್ಡ ಪಲ್ಲಟವೊಂದು ಹೀಗೆ ಬೀಳಗಿಯ ಒಂದೇ ಕುಟುಂಬದಲ್ಲಿ ಕಾಣಸಿಗುತ್ತದೆ.

ಜೋಡಿ ಬದಲಾದರೂ ಬದಲಾಗದ ಕಂಠ

ಹಿನ್ನೆಲೆ ಗಾಯನ ನೆಲೆಯೂರಿದ ನಂತರ ಕನ್ನಡದಲ್ಲಿ ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ ಅವರ ಯುಗಳ ಗೀತೆಗಳ ಯುಗ ಆರಂಭವಾಯಿತು. ರಾಜ್‌ಕುಮಾರ್ ‘ರಣಧೀರ ಕಂಠೀರವ’ (1960) ಮತ್ತು ‘ಕುಲವಧು’ (1963) ಚಿತ್ರಗಳಲ್ಲಿ ಲೀಲಾವತಿಯವರೊಂದಿಗೆ, ‘ಸಂಧ್ಯಾರಾಗ’ (1966) ಮತ್ತು ‘ಬಂಗಾರದ ಮನುಷ್ಯ’ (1972) ಚಿತ್ರಗಳಲ್ಲಿ ಭಾರತಿಯವರೊಂದಿಗೆ, ‘ಜೇಡರ ಬಲೆ’ಯಲ್ಲಿ (1968) ಜಯಂತಿಯವರೊಂದಿಗೆ, ‘ಗಾಂಧಿನಗರ’ (1968) ಮತ್ತು ‘ಎರಡು ಕನಸು’ (1974) ಚಿತ್ರಗಳಲ್ಲಿ ಕಲ್ಪನಾ ಅವರೊಂದಿಗೆ ಅಭಿನಯಿಸಿದರು. ನಾಯಕಿಯರು ಬದಲಾದರು. ಆದರೆ ಆ ವರ್ಷಗಳಲ್ಲಿ ನಾಯಕನ ಕಂಠ ಹೆಚ್ಚಾಗಿ ಶ್ರೀನಿವಾಸ್ ಅವರದೇ ಆಗಿತ್ತು. ರಾಜ್‌ಕುಮಾರ್, ಕಲ್ಯಾಣ್‌ಕುಮಾರ್, ಉದಯಕುಮಾರ್ ಎಂಬ ‘ಕುಮಾರತ್ರಯ’ರಿಗೆಲ್ಲ ಅವರು ಹಾಡಿದರು.

1974ರಲ್ಲಿ ಈ ವ್ಯವಸ್ಥೆ ಸ್ವಲ್ಪ ಬದಲಾಯಿತು. ಜಿ.ಕೆ. ವೆಂಕಟೇಶ್ ಸಂಗೀತವಿದ್ದ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಸ್ವತಃ ಹಾಡಿದರು. ಅಲ್ಲಿಂದ ಮುಂದೆ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ ಅವರು, ‘ಜೀವನ ಚೈತ್ರ’ (1992) ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಕಂಪನಿ ನಾಟಕದಲ್ಲಿ ಬೆಳೆದ ನಟನೊಬ್ಬ ರಂಗಭೂಮಿಯ ಹಳೆಯ ಪದ್ಧತಿಯನ್ನು ತೆರೆಗೆ ಮರಳಿ ತಂದ ಅಪರೂಪದ ಉದಾಹರಣೆಯಿದು. ಉಳಿದ ಜೋಡಿಗಳಿಗೆ ಹಿನ್ನೆಲೆ ಕಂಠಗಳೇ ಆಧಾರವಾದವು. ‘ಬೆಸುಗೆ’ಯ (1976) ಶ್ರೀನಾಥ್-ಮಂಜುಳಾ, ‘ನಾ ನಿನ್ನ ಬಿಡಲಾರೆ’ ಹಾಗೂ ‘ಚಂದನದ ಗೊಂಬೆ’ಯ (ಎರಡೂ 1979) ಅನಂತನಾಗ್-ಲಕ್ಷ್ಮಿ ಈ ಸಾಲಿನವರು.

ಹಾಲಿವುಡ್‌ನಲ್ಲಿ ಅಡಗಿದ್ದ ಧ್ವನಿ

ಇಲ್ಲಿ ಎರಡು ಚಿತ್ರರಂಗಗಳ ನಡುವಿನ ವ್ಯತ್ಯಾಸ ಗಮನಾರ್ಹ. ಹಾಲಿವುಡ್‌ನಲ್ಲಿಯೂ ಕಂಠದಾನವಿತ್ತು, ಆದರೆ ಅದು ಗುಟ್ಟಾಗಿ ನಡೆಯುತ್ತಿತ್ತು. ‘ದಿ ಕಿಂಗ್ ಆಂಡ್ ಐ’ (1956), ‘ವೆಸ್ಟ್ ಸೈಡ್ ಸ್ಟೋರಿ’ (1961), ‘ಮೈ ಫೇರ್ ಲೇಡಿ’ (1964) ಈ ಮೂರೂ ಚಿತ್ರಗಳ ನಾಯಕಿಯರಿಗೆ ಹಾಡಿದ ಮಾರ್ನಿ ನಿಕ್ಸನ್ ಅವರ ಹೆಸರು ಆಗ ತೆರೆಯ ಮೇಲೆ ಬರಲೇ ಇಲ್ಲ. ಜೀನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಡೋನನ್ ನಿರ್ದೇಶಿಸಿದ ‘ಸಿಂಗಿಂಗ್ ಇನ್ ದ ರೇನ್’ (1952) ಚಿತ್ರದ ಕಥೆಯೇ ಒಬ್ಬಳ ಧ್ವನಿಯನ್ನು ಇನ್ನೊಬ್ಬಳ ಮುಖಕ್ಕೆ ಜೋಡಿಸುವ ಮೋಸದ ಸುತ್ತ ಹೆಣೆದದ್ದು. ವಿಚಿತ್ರವೆಂದರೆ, ಅದರಲ್ಲಿ ಧ್ವನಿ ಕೊಡುವವಳ ಪಾತ್ರ ವಹಿಸಿದ ಡೆಬ್ಬಿ ರೆನಾಲ್ಡ್ಸ್ ಅವರಿಗೇ ಕೆಲವೆಡೆ ಬೆಟ್ಟಿ ನಾಯ್ಸ್ ಎಂಬ ಗಾಯಕಿ ಕಂಠ ನೀಡಿದ್ದರು.

ಕನ್ನಡದಲ್ಲಿ ಇದನ್ನು ಯಾರೂ ಮೋಸವೆಂದು ಭಾವಿಸಲಿಲ್ಲ. ಗಾಯಕರ ಹೆಸರು ಗ್ರಾಮಫೋನ್ ತಟ್ಟೆಯ ಮೇಲೆ ಅಚ್ಚಾಗುತ್ತಿತ್ತು, ಆಕಾಶವಾಣಿಯಲ್ಲಿ ಪ್ರಸಾರವಾಗುತ್ತಿತ್ತು. ಹಾಲಿವುಡ್ ಮುಚ್ಚಿಟ್ಟದ್ದನ್ನು ಕನ್ನಡ ಚಿತ್ರರಂಗ ಸಂಭ್ರಮದಿಂದ ಸಾರಿತು.

ಕಾಲಿನ ಸದ್ದೂ ಎರವಲು

ನೃತ್ಯದ ವಿಷಯದಲ್ಲಿ ಪರಿಸ್ಥಿತಿ ತಿರುಗುಮುರುಗು. ನರ್ತಕರ ಇಡೀ ದೇಹ ತಲೆಯಿಂದ ಪಾದದವರೆಗೆ ಕಾಣಬೇಕು, ದೃಶ್ಯವನ್ನು ಆದಷ್ಟು ತುಂಡರಿಸಬಾರದು ಎಂಬುದು ಅಸ್ಟೇರ್ ಹಾಕಿದ ಕಟ್ಟುಪಾಡು. ಆದ್ದರಿಂದ ತೆರೆಯ ಮೇಲಿನ ಕುಣಿತ ನಿಜಕ್ಕೂ ಆ ಇಬ್ಬರದೇ ಆಗಿತ್ತು. ಆದರೆ ಅದರ ಹಿಂದೆಯೂ ಮೂರನೆಯವರಿದ್ದರು. ನೃತ್ಯ ನಿರ್ದೇಶಕ ಹರ್ಮೀಸ್ ಪ್ಯಾನ್ ತಾಲೀಮಿನಲ್ಲಿ ರೋಜರ್ಸ್ ಸ್ಥಾನದಲ್ಲಿ ನಿಂತು ಅಸ್ಟೇರ್ ಜೊತೆ ಹೆಜ್ಜೆಗಳನ್ನು ರೂಪಿಸಿ, ಬಳಿಕ ಅವನ್ನು ರೋಜರ್ಸ್ ಅವರಿಗೆ ಕಲಿಸುತ್ತಿದ್ದರು. ಹಲವು ಚಿತ್ರಗಳಲ್ಲಿ ರೋಜರ್ಸ್ ಅವರ ಪಾದರಕ್ಷೆಯ ಸದ್ದೆಂದು ಕೇಳಿಸುವುದು ಆನಂತರ ಧ್ವನಿಮುದ್ರಿಸಿದ ಪ್ಯಾನ್ ಅವರ ಹೆಜ್ಜೆಯ ಸದ್ದು. ನೃತ್ಯ ನಿರ್ದೇಶನಕ್ಕೆಂದು ಆಸ್ಕರ್ ಪ್ರಶಸ್ತಿಯೊಂದಿದ್ದದ್ದು 1935ರಿಂದ 1937ರವರೆಗಿನ ಮೂರು ವರ್ಷಗಳ ಚಿತ್ರಗಳಿಗೆ ಮಾತ್ರ. ಕೊನೆಯ ವರ್ಷ ಅದು ಪ್ಯಾನ್ ಅವರಿಗೆ ಸಂದಿತು, ಆಮೇಲೆ ಆ ವಿಭಾಗವನ್ನೇ ಕೈಬಿಡಲಾಯಿತು.

ಕನ್ನಡದಲ್ಲಿ ನೃತ್ಯವೇ ಕಥೆಯ ಭಾಗವಾದ ಚಿತ್ರಗಳು ಕಡಿಮೆಯಾದರೂ ಇಲ್ಲದಿಲ್ಲ. ಬಿ.ಎಸ್. ರಂಗಾ ನಿರ್ದೇಶನದ ‘ಅಮರಶಿಲ್ಪಿ ಜಕಣಾಚಾರಿ’ (1964) ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಶಿಲ್ಪಿಯಾಗಿ ಕಲ್ಯಾಣ್‌ಕುಮಾರ್, ನರ್ತಕಿಯಾಗಿ ಬಿ. ಸರೋಜಾದೇವಿ ಅಭಿನಯಿಸಿದ ಆ ಚಿತ್ರಕ್ಕೆ ನೃತ್ಯವೇ ಜೀವಾಳ. ಜಯಂತಿಯವರು ‘ಜೇನುಗೂಡು’ (1963) ಚಿತ್ರಕ್ಕೆ ಆಯ್ಕೆಯಾದದ್ದೂ ನೃತ್ಯಶಾಲೆಯಿಂದಲೇ. ಎಲ್ಲ ನಟರೂ ನರ್ತಕರಾಗಿರಲಿಲ್ಲ. ಆಗ ಕ್ಯಾಮೆರಾ ಆ ಕೆಲಸ ವಹಿಸಿಕೊಂಡಿತು. ಪುಟ್ಟಣ್ಣ ಕಣಗಾಲ್ ‘ನಾಗರಹಾವು’ (1972) ಚಿತ್ರದ ಪ್ರೇಮಗೀತೆಯೊಂದನ್ನು ಇಡಿಯಾಗಿ ನಿಧಾನಗತಿಯಲ್ಲಿ ಚಿತ್ರಿಸಿದಾಗ, ವಿಷ್ಣುವರ್ಧನ್ ಮತ್ತು ಆರತಿಯವರ ಸಾಧಾರಣ ಓಟವೂ ನೃತ್ಯದಂತೆ ಕಂಡಿತು. ರವಿಚಂದ್ರನ್ ಮತ್ತು ಜೂಹಿ ಚಾವ್ಲಾ ಅಭಿನಯದ ‘ಪ್ರೇಮಲೋಕ’ (1987) ಹಾಲಿವುಡ್‌ನ ‘ಗ್ರೀಸ್ 2’ (1982) ಚಿತ್ರದಿಂದ ಪ್ರೇರಿತವಾದದ್ದು. ಹಂಸಲೇಖ ಅವರ ಹಾಡುಗಳು ಪಾತ್ರಗಳ ಮಾತುಕತೆಯ ಸ್ಥಾನವನ್ನೇ ಆಕ್ರಮಿಸಿದ ಆ ಚಿತ್ರ, ಅಮೆರಿಕದ ಸಂಗೀತ ಚಿತ್ರಗಳ ಮಾದರಿಗೆ ಕನ್ನಡದಲ್ಲಿ ಅತಿ ಸಮೀಪ ಬಂದ ಪ್ರಯೋಗವೆನ್ನಬಹುದು.

ಬಾನುಲಿ ಹೇಳದ ಹೆಸರು

ಗಾಯಕರು ಪ್ರಸಿದ್ಧರಾಗಿ ನೃತ್ಯ ನಿರ್ದೇಶಕರು ಮರೆಯಾದದ್ದೇಕೆ? ಕಾರಣ ಪ್ರತಿಭೆಯ ಕೊರತೆಯಲ್ಲ, ಹಾಡು ಜನರನ್ನು ತಲುಪಿದ ಮಾರ್ಗ. ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ಬೆಸೆಯುವ ಹೆದ್ದಾರಿಯಲ್ಲಿರುವ ಬೈರಿದೇವರಕೊಪ್ಪದಂತಹ ಊರನ್ನೇ ತೆಗೆದುಕೊಳ್ಳಬಹುದು. ಇಂದು ಮಹಾನಗರದ ಬಡಾವಣೆಯಾಗಿರುವ ಇಲ್ಲಿಯ ಜನರಿಗೆ ಚಿತ್ರ ನೋಡಲು ನಗರದ ಚಿತ್ರಮಂದಿರವೇ ಗತಿಯಾಗಿತ್ತು. ಕುಣಿತ ಕಂಡದ್ದು ಒಂದೋ ಎರಡೋ ಬಾರಿ. ಹಾಡು ಮಾತ್ರ 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯಂತಹ ಕೇಂದ್ರಗಳಿಂದ ಮತ್ತೆ ಮತ್ತೆ ಕೇಳಿಬಂತು. ಪ್ರತಿ ಹಾಡಿಗೂ ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಗಾಯಕರ ಹೆಸರುಗಳನ್ನು ಉದ್ಘೋಷಕರು ಹೇಳುತ್ತಿದ್ದರು. ರೇಡಿಯೊದಲ್ಲಿ ಕುಣಿತ ಕಾಣುವುದಿಲ್ಲವಾದ್ದರಿಂದ ಅದನ್ನು ಕಟ್ಟಿದವರ ಹೆಸರು ಹೇಳುವ ಪ್ರಸಂಗವೇ ಬರಲಿಲ್ಲ. ಮುಂದೆ ದೂರದರ್ಶನ ಬಂದು ಹಾಡಿಗೆ ದೃಶ್ಯ ಕೂಡಿಕೊಂಡರೂ, ರೇಡಿಯೊ ಕಲಿಸಿದ ಪಟ್ಟಿಯೇ ಮುಂದುವರಿಯಿತು.

ಇನ್ನೊಂದು ಕಾರಣವೂ ಇದೆ. ಕನ್ನಡ ಚಿತ್ರಗಳ ಚಿತ್ರೀಕರಣ ದೀರ್ಘಕಾಲ ಮದ್ರಾಸಿನ ಸ್ಟುಡಿಯೊಗಳಲ್ಲೇ ನಡೆಯಿತು. ಡ್ಯಾನ್ಸ್ ಮಾಸ್ಟರ್‌ಗಳು ನಾಲ್ಕು ಭಾಷೆಗಳ ಚಿತ್ರಗಳಿಗೂ ದುಡಿಯುತ್ತಿದ್ದುದರಿಂದ ಯಾವ ಭಾಷೆಯ ಇತಿಹಾಸವೂ ಅವರನ್ನು ತನ್ನವರೆಂದು ಬರೆದುಕೊಳ್ಳಲಿಲ್ಲ.

ಸರ್ಕಾರದ ಮನ್ನಣೆಯೂ ತಡವಾಯಿತು. ಹಿನ್ನೆಲೆ ಗಾಯಕರಿಗೆ ರಾಷ್ಟ್ರಪ್ರಶಸ್ತಿ ಆರಂಭವಾದದ್ದು 1967ರ ಚಿತ್ರಗಳಿಂದ. ‘ಕಾಡು ಕುದುರೆ’ (1978) ಚಿತ್ರದ ಗಾಯನಕ್ಕೆ ಶಿವಮೊಗ್ಗ ಸುಬ್ಬಣ್ಣ ಈ ಗೌರವ ಪಡೆದ ಮೊದಲ ಕನ್ನಡಿಗರಾದರು. ಗದುಗಿನ ಪಂಚಾಕ್ಷರ ಗವಾಯಿಗಳ ಜೀವನವನ್ನಾಧರಿಸಿದ ಚಿತ್ರಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ 1995ನೇ ಸಾಲಿನ ಪ್ರಶಸ್ತಿ ಪಡೆದರು. ನೃತ್ಯ ನಿರ್ದೇಶಕರ ವಿಭಾಗ ಸೇರ್ಪಡೆಯಾದದ್ದು 1991ನೇ ಸಾಲಿನಲ್ಲಿ. ಅಂದರೆ ಗಾಯಕರಿಗಿಂತ 24 ವರ್ಷ ತಡವಾಗಿ.

ಮೂಗೂರಿನಿಂದ ಮುಂದಕ್ಕೆ

ಈ ಮರೆವಿನ ನಡುವೆ ಹೆಸರು ಉಳಿಸಿಕೊಂಡವರಲ್ಲಿ ಮೈಸೂರು ಜಿಲ್ಲೆಯ ಮೂಗೂರು ಸುಂದರ್ ಪ್ರಮುಖರು. ದಕ್ಷಿಣದ ಭಾಷೆಗಳಲ್ಲೆಲ್ಲ ನೃತ್ಯ ನಿರ್ದೇಶಕರಾಗಿ ದುಡಿದ ಅವರು ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡರು. 1973ರಲ್ಲಿ ಮೈಸೂರಿನಲ್ಲಿ ಜನಿಸಿದ ಅವರ ಪುತ್ರ ಪ್ರಭುದೇವ, ತಮಿಳಿನ ‘ಮಿನ್ಸಾರ ಕನವು’ ಮತ್ತು ಹಿಂದಿಯ ‘ಲಕ್ಷ್ಯ’ (2004) ಚಿತ್ರಗಳಿಗೆ ನೃತ್ಯ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದರು. ಕನ್ನಡದಲ್ಲಿ ನೃತ್ಯ ನಿರ್ದೇಶಕರಾಗಿದ್ದ ಎ. ಹರ್ಷ ‘ಭಜರಂಗಿ’ (2013), ‘ವೇದ’ (2022) ಚಿತ್ರಗಳ ನಿರ್ದೇಶಕರಾದರು. ಹೆಜ್ಜೆ ಕಲಿಸುವವರು ತೆರೆಯ ಹಿಂದಷ್ಟೇ ಉಳಿಯಬೇಕಾಗಿಲ್ಲ ಎಂಬುದನ್ನು ಈ ಉದಾಹರಣೆಗಳು ತೋರಿಸುತ್ತವೆ.

ಲೀಲಾವತಿ 2023ರಲ್ಲಿ, ಜಯಂತಿ 2021ರಲ್ಲಿ, ಬಿ. ಸರೋಜಾದೇವಿ 2025ರಲ್ಲಿ ನಿಧನರಾದರು. ಆ ಪೀಳಿಗೆಯ ತಾಲೀಮಿನ ನೆನಪುಗಳೂ ಅವರೊಂದಿಗೆ ಮರೆಯಾಗುತ್ತಿವೆ. ಹಳೆಯ ಚಿತ್ರಗಳ ಆರಂಭದಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ ‘ನೃತ್ಯ’ ಎಂಬ ಸಾಲು ಇನ್ನೂ ಇದೆ. ಕನ್ನಡದ ಹಾಡುಗಳನ್ನು ಅಂತರ್ಜಾಲಕ್ಕೆ ಏರಿಸುವ ಕಂಪನಿಗಳು ಮತ್ತು ಚಿತ್ರರಂಗದ ಇತಿಹಾಸ ಬರೆಯುವವರು ಗಾಯಕರ ಹೆಸರಿನ ಪಕ್ಕದಲ್ಲಿ ಆ ಒಂದು ಸಾಲನ್ನೂ ನಕಲು ಮಾಡಿದರೆ, ಜೋಡಿಯ ಹಿಂದಿನ ಮೂರನೆಯವರ ಲೆಕ್ಕವೂ ಸಿಕ್ಕೀತು.