ಕಲ್ಲಿನ ರಥದ ಮೇಲೊಂದು ಗೋಪುರವಿತ್ತು

2017ರಲ್ಲಿ ಬಂದ ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ಬಳ್ಳಾರಿಯ ಮಾರುಕಟ್ಟೆಯಲ್ಲಿ, ಸಿರುಗುಪ್ಪದ ಅಕ್ಕಿ ಅಂಗಡಿಗಳಲ್ಲಿ, ಕುರುಗೋಡಿನ ಜಾತ್ರೆಯಲ್ಲಿ ಅದು ಕೈಯಿಂದ ಕೈಗೆ ದಾಟುತ್ತಿದೆ. ನೋಟಿನ ರಥದ ತಲೆ ಬೋಳು. 1856ರಲ್ಲಿ ಅದು ಹೀಗಿರಲಿಲ್ಲ.

ಆ ವರ್ಷ ಕಂಪನಿ ಸರ್ಕಾರದ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಪಾಳು ಕಟ್ಟಡಗಳ ಫೋಟೊ ತೆಗೆದ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಗುವ ತನಕ ಹಂಪಿ ನಮ್ಮ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಬಳ್ಳಾರಿ ಸೀಮೆ 1800ರಲ್ಲಿ ನಿಜಾಮರಿಂದ ಕಂಪನಿಯ ಕೈಸೇರಿತ್ತು.

ಗಾಜಿನ ಫಲಕದ ಮೇಲೆ ಚಿತ್ರ ಹಿಡಿಯುವ ವಿಧಾನ ಆಗಲೇ ಬಂದಿತ್ತು. ಆದರೆ ಹಚ್ಚಿದ ರಾಸಾಯನಿಕ ಒಣಗುವುದರೊಳಗೆ ಎಲ್ಲ ಕೆಲಸ ಮುಗಿಯಬೇಕು. ನಮ್ಮ ಕಡೆಯ ಬಿಸಿಲಿನಲ್ಲಿ ಅದು ಆಗುವ ಮಾತೇ? ಗ್ರೀನ್‌ಲಾ ಬಳಸಿದ್ದು ಮೇಣ ಸವರಿದ ಕಾಗದ. ಅದನ್ನು ಬೆಳ್ಳಿಯ ಲವಣದಲ್ಲಿ ಅದ್ದಿ ಒಣಗಿಸಿ ಮೊದಲೇ ಸಿದ್ಧಮಾಡಿಕೊಳ್ಳಬಹುದಿತ್ತು. ಚಿತ್ರ ಮೂಡಲು ಮಾತ್ರ ನಿಮಿಷಗಟ್ಟಲೆ ಬೆಳಕು ಬೀಳಬೇಕು. ಅಷ್ಟು ಹೊತ್ತಿನಲ್ಲಿ ನಡೆದಾಡುವ ಮನುಷ್ಯ ಕಾಗದದ ಮೇಲೆ ಉಳಿಯುವುದಿಲ್ಲ. ಹಾಗಾಗಿ ಇಂಥ ಚಿತ್ರಗಳನ್ನು ನೋಡಿ ಹಂಪಿ ನಿರ್ಜನವಾಗಿತ್ತೆಂದು ತೀರ್ಮಾನಿಸುವಂತಿಲ್ಲ. ಉರ್ದುವಿನಲ್ಲಿ ಫೋಟೊಗೆ 'ಅಕ್ಸ್' ಎನ್ನುವುದುಂಟು. ಪ್ರತಿಬಿಂಬ, ತಿರುವುಮುರುವು ಎಂಬ ಎರಡು ಅರ್ಥವೂ ಅದಕ್ಕಿದೆ. ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗಿ ಕಾಣುವ ಆ ಕಾಗದದ ನೆಗೆಟಿವ್‌ಗೆ ಇದಕ್ಕಿಂತ ಒಪ್ಪುವ ಹೆಸರು ನಮಗೆ ತೋಚುವುದಿಲ್ಲ.

ಗ್ರೀನ್‌ಲಾ ತೆಗೆದವುಗಳಲ್ಲಿ ವಿಠ್ಠಲ ದೇವಾಲಯದ ಆವರಣದ ಚಿತ್ರವೂ ಒಂದು. ಅದರಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆ ಗಾರೆಯ ಗೋಪುರ ಸ್ಪಷ್ಟವಾಗಿ ನಿಂತಿದೆ. ರಥವೆಂದು ನಾವು ಕರೆಯುವುದು ನಿಜಕ್ಕೆ ಗರುಡನ ಗುಡಿ. ಆ ಗುಡಿಯ ಗೋಪುರವದು. ಅದು ಇಲ್ಲವಾದದ್ದು ಆಮೇಲೆ, ಬ್ರಿಟಿಷರ ಆಡಳಿತದಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಂಪಿಯಲ್ಲಿ ಮುರಿದ ಕಲ್ಲನ್ನೆಲ್ಲ 1565ರ ಲೆಕ್ಕಕ್ಕೆ ಬರೆಯುವುದು ನಮಗೆ ರೂಢಿಯಾಗಿದೆ. ರಕ್ಕಸ ತಂಗಡಿ ಯುದ್ಧದ ನಂತರ ನಗರ ಸುಲಿಗೆಯಾಯಿತು, ಬೆಂಕಿಗೆ ಬಿತ್ತು. ಅದನ್ನು ಮುಚ್ಚಿಡಬೇಕಾದ ಅಗತ್ಯ ಯಾರಿಗೂ ಇಲ್ಲ. ಆದರೆ ಸುಲ್ತಾನರ ಸೈನ್ಯ ಬಂದು ಹೋಗಿ ಇನ್ನೂರ ತೊಂಬತ್ತು ವರ್ಷವಾದ ಮೇಲೂ ಆ ಗೋಪುರ ನಿಂತಿತ್ತೆಂದು ಒಂದು ಹಾಳೆ ಸಾಕ್ಷಿ ಹೇಳುತ್ತಿದೆ. ಮಾರ್ಗದರ್ಶಿಗಳ ಮಾತಿನಲ್ಲಿ ಈ ಸಾಕ್ಷಿಗೆ ಜಾಗವೇ ಇಲ್ಲ. ಇಮ್ಮಡಿ ದೇವರಾಯನ ಸೇವಕ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಗೂ ಜಾಗವಿಲ್ಲ. ಅಲ್ಲಿನ ಕನ್ನಡ ಶಾಸನ ಅದನ್ನು 'ಧರ್ಮಶಾಲೆ' ಎಂದೇ ಕರೆದಿದೆ.

ಗ್ರೀನ್‌ಲಾನ ನೆಗೆಟಿವ್‌ಗಳು ಮತ್ತೆ ಬೆಳಕಿಗೆ ಬಂದದ್ದು 1980ರಲ್ಲಿ. ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವನು ನಿಂತ ಜಾಗಗಳನ್ನೇ ಹುಡುಕಿ ಅದೇ ದೃಶ್ಯಗಳನ್ನು ಮತ್ತೆ ತೆಗೆದರು. ಜಾರ್ಜ್ ಮಿಚೆಲ್ ಸಂಪಾದಿಸಿದ ಪುಸ್ತಕ 2008ರಲ್ಲಿ ಬಂತು. ಹಂಪಿಗೆ ಪ್ರವಾಸ ಹೊರಡುವ ನಮ್ಮ ಶಾಲೆಗಳ ಮೇಷ್ಟ್ರುಗಳು ಆ ಒಂದು ಚಿತ್ರದ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಹೋಗಲಿ. ರಥದ ಮುಂದೆ ನಿಂತಾಗ ಮಕ್ಕಳಿಗೆ ತೋರಿಸಿದರೆ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ.